ಇಂಡಿಜಿನಸ್ ಸಣ್ಣಕಥೆ ಕಲಿಸಲು ಅರೆಕಾಲಿಕ ಉಪನ್ಯಾಸಕರು ಬೇಕು: ಜಾಹೀರಾತು ಹೇಗಿರಬೇಕು, ಯಾರನ್ನು ಆರಿಸಬೇಕು?

ಪ್ರಶ್ನೆ

ಮೇಡಂ, ನಮಸ್ಕಾರ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಒಳನಾಡಿನ ಒಂದು ಸಣ್ಣ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ವಿಭಾಗದ ಮುಖ್ಯಸ್ಥನಾಗಿದ್ದೇನೆ. ಈ ಹೊಣೆ ಹೊತ್ತು ಇದು ಮೊದಲ ವರ್ಷ. ಜನವರಿಯಿಂದ ಏಪ್ರಿಲ್‌ವರೆಗೆ ನಡೆಯುವ ಇಂಡಿಜಿನಸ್, ಅಂದರೆ ಇಲ್ಲಿನ ಮೂಲನಿವಾಸಿ ಜನರ, ಸಣ್ಣಕಥೆಗಳ ಪೇಪರ್ ಕಲಿಸುತ್ತಿದ್ದವರು ದೀರ್ಘ ರಜೆ ಹಾಕಿದ್ದಾರೆ. ಆ ಒಂದು ಪೇಪರಿಗೆ ಮಾತ್ರ ಸೆಷನಲ್ ಲೆಕ್ಚರರ್ ಬೇಕಾಗಿದ್ದಾರೆ. ಊರಲ್ಲಿ ಅತಿಥಿ ಉಪನ್ಯಾಸಕರು ಅಂತೀವಲ್ಲ, ಹಾಗೆ.

ನಾನು ಬರೆದ ಕರಡು ಇಷ್ಟು: "ಇಂಗ್ಲಿಷ್ ಸಾಹಿತ್ಯದಲ್ಲಿ ಪಿಎಚ್‌ಡಿ ಕಡ್ಡಾಯ. ವಿಶ್ವವಿದ್ಯಾಲಯದಲ್ಲಿ ಮೂರು ವರ್ಷ ಕಲಿಸಿದ ಅನುಭವ ಇರಬೇಕು. ಇಂಡಿಜಿನಸ್ ಅಭ್ಯರ್ಥಿಗಳಿಗೂ ಸ್ವಾಗತ. ಅರ್ಜಿಗೆ ಹತ್ತು ದಿನ ಕಾಲಾವಕಾಶ." ಡೀನ್ ಕಚೇರಿಯವರು ಇನ್ನೊಮ್ಮೆ ಯೋಚಿಸಿ ಅಂತ ವಾಪಸ್ ಕಳಿಸಿದ್ದಾರೆ, ಕಾರಣ ಬರೆದಿಲ್ಲ. ನೀವು ಇಂಥ ಆಯ್ಕೆ ಸಮಿತಿಗಳಲ್ಲಿ ಕೂತವರು. ಎಲ್ಲಿ ಎಡವಿದ್ದೇನೆ, ದಯವಿಟ್ಟು ಹೇಳಿ.

ಉತ್ತರ

ನಮಸ್ಕಾರ. ಕರಡನ್ನು ಇಲ್ಲಿ ಹಾಕಿದ್ದು ಒಳ್ಳೆಯದಾಯಿತು, ಇದನ್ನು ಹೀಗೆಯೇ ಬರೆಯುವವರು ಬಹಳ ಮಂದಿ.

ಜಾಹೀರಾತಿಗಿಂತ ಮೊದಲು ನಿಮ್ಮಲ್ಲಿನ ಅಧ್ಯಾಪಕರ ಸಂಘದ ಜೊತೆ ಆಗಿರುವ ಒಪ್ಪಂದ ತೆಗೆದು ಓದಿ. ಈ ಪೇಪರನ್ನು ಹಿಂದೆ ಸೆಷನಲ್ ಆಗಿ ಕಲಿಸಿದವರಿದ್ದರೆ ಮೊದಲು ಅವರನ್ನೇ ಕೇಳಬೇಕು ಎಂಬ ನಿಯಮ ಎಷ್ಟೋ ಕಡೆ ಇದೆ. ಅದನ್ನು ಬಿಟ್ಟು ಮುಂದೆ ಹೋದರೆ ಆಮೇಲೆ ದೂರು ಬರುತ್ತದೆ, ಹೊಸದಾಗಿ ಬಂದವರಿಗೂ ಅದರಿಂದ ನೋವು.

ಇನ್ನು "ಪಿಎಚ್‌ಡಿ ಕಡ್ಡಾಯ". ಇದನ್ನು ಹೊಡೆದುಹಾಕಿ. 1876ರ ಇಂಡಿಯನ್ ಆಕ್ಟ್‌ನಲ್ಲಿ ಒಂದು ಕಲಮು ಇತ್ತು (ಇಲ್ಲಿನ ಮೂಲನಿವಾಸಿಗಳನ್ನು ಆ ಕಾನೂನು "ಇಂಡಿಯನ್" ಎನ್ನುತ್ತಿತ್ತು): ವಿಶ್ವವಿದ್ಯಾಲಯದ ಪದವಿ ಪಡೆದವರು, ವೈದ್ಯರು, ವಕೀಲರು ಆದವರು ಕಾನೂನಿನ ಕಣ್ಣಲ್ಲಿ ತಮ್ಮ "ಇಂಡಿಯನ್" ಸ್ಥಾನವನ್ನು ಕಳೆದುಕೊಳ್ಳುತ್ತಿದ್ದರು. ಓದಬೇಕಾದರೆ ನಿನ್ನ ಜನರನ್ನು ಬಿಡು ಎಂದು ರಾಜ್ಯವೇ ಹೇಳಿದ ದೇಶ ಇದು. ಆಮೇಲೆ ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಬೇರ್ಪಡಿಸಿ ಇಟ್ಟ ವಸತಿಶಾಲೆಗಳು ಬಂದವು, ಮಕ್ಕಳ ಬಾಯಿಂದ ಭಾಷೆಯನ್ನೇ ಕಿತ್ತವು. ಅವುಗಳಲ್ಲಿ ಕೊನೆಯವು ಮುಚ್ಚಿದ್ದು 1990ರ ದಶಕದಲ್ಲಿ. ಈ ಚರಿತ್ರೆಯ ಮೇಲೆ ನಿಂತು ನಾವು "ಪಿಎಚ್‌ಡಿ ಇಲ್ಲದಿದ್ದರೆ ನಿಮ್ಮ ಕಥೆಗಳನ್ನು ನೀವು ಕಲಿಸುವ ಹಾಗಿಲ್ಲ" ಎಂದಂತಾಗುತ್ತದೆ. "ಪಿಎಚ್‌ಡಿ, ಅಥವಾ ಸೃಜನಶೀಲ ಬರವಣಿಗೆಯಲ್ಲಿ ಸ್ನಾತಕೋತ್ತರ ಪದವಿ, ಅಥವಾ ಪ್ರಕಟಿತ ಕಥಾಸಂಕಲನ, ಅಥವಾ ಸಮುದಾಯದಲ್ಲಿ ಭಾಷೆ ಮತ್ತು ಕಥೆ ಕಲಿಸಿದ ಅನುಭವ" ಅಂತ ಬರೆಯಿರಿ. ನಿಮ್ಮ ಒಳನಾಡಿನಲ್ಲೇ, ಪೆಂಟಿಕ್ಟನ್‌ನಲ್ಲಿ, ಸಿಲ್ಕ್ಸ್ ಜನರ ಎನೌಕಿನ್ ಸೆಂಟರ್ ಇದೆ, ಇಂಡಿಜಿನಸ್ ಲೇಖಕರಿಗೆ ಬರವಣಿಗೆ ಕಲಿಸಿದ ಜಾಗ. ಅಲ್ಲೇ ಥೈಟಸ್ ಬುಕ್ಸ್ ಕೂಡ ಇದೆ. 1980ರಲ್ಲಿ ಶುರುವಾದ, ಇಂಡಿಜಿನಸ್ ಜನರೇ ಮಾಲೀಕರಾಗಿರುವ ಪ್ರಕಾಶನ ಅದು. ಅಂಥ ಕಡೆ ಬೆಳೆದ ಕಥೆಗಾರರಿಗೆ ನಿಮ್ಮ ಕರಡು ಬಾಗಿಲು ಹಾಕಿಬಿಟ್ಟಿದೆ.

"ಸ್ವಾಗತ" ಎಂಬ ಪದ ತೂಕವಿಲ್ಲದ್ದು. ಇಂಡಿಜಿನಸ್ ಅಭ್ಯರ್ಥಿಗೆ ಆದ್ಯತೆ ಕೊಡುವ ಮನಸ್ಸಿದ್ದರೆ ನೇರವಾಗಿ ಹಾಗೆಂದೇ ಬರೆಯಿರಿ. ನಮ್ಮ ಪ್ರಾಂತ್ಯದ ಮಾನವ ಹಕ್ಕು ಸಂಹಿತೆಯ 42ನೇ ಕಲಮಿನಲ್ಲಿ ಅದಕ್ಕೆ ಜಾಗವಿದೆ, ಮಾನವ ಹಕ್ಕುಗಳ ಕಮಿಷನರ್ ಅವರಿಂದ ಅನುಮೋದನೆಯನ್ನೂ ಪಡೆಯಬಹುದು. ನಿಮ್ಮಲ್ಲಿ ಆಗಲೇ ಪಡೆದಿದ್ದಾರಾ ಎಂದು ಎಚ್‌ಆರ್‌ನಲ್ಲಿ ವಿಚಾರಿಸಿ.

ಹತ್ತು ದಿನ ಏನೇನೂ ಸಾಲದು, ಕನಿಷ್ಠ ಒಂದು ತಿಂಗಳು ಕೊಡಿ. ಜಾಹೀರಾತನ್ನು ಜಾಲತಾಣಕ್ಕೆ ಹಾಕಿ ಕೈಕಟ್ಟಿ ಕೂರಬೇಡಿ. ವಿಶ್ವವಿದ್ಯಾಲಯದ ಇಂಡಿಜಿನಸ್ ಕೇಂದ್ರಕ್ಕೆ, ಸುತ್ತಲಿನ ಮೂಲನಿವಾಸಿ ಸಮುದಾಯಗಳಾದ ಫಸ್ಟ್ ನೇಷನ್‌ಗಳ ಶಿಕ್ಷಣ ಕಚೇರಿಗಳಿಗೆ ಖುದ್ದಾಗಿ ಫೋನ್ ಮಾಡಿ. ಈ ಪ್ರಾಂತ್ಯ ಒಂದರಲ್ಲೇ 200ರ ಹತ್ತಿರ ಫಸ್ಟ್ ನೇಷನ್‌ಗಳು, 30ಕ್ಕೂ ಹೆಚ್ಚು ಭಾಷೆಗಳು. ನಿಮ್ಮ ಕಟ್ಟಡ ಯಾರ ನೆಲದ ಮೇಲಿದೆಯೋ ಅವರನ್ನು ಮೊದಲು ಕೇಳುವುದು ಮರ್ಯಾದೆ.

ಅದೇ ಪ್ರಶ್ನಿಗರು

ಬಹಳ ಉಪಕಾರವಾಯಿತು ಮೇಡಂ. ಓದುತ್ತಾ ಮುಜುಗರವೂ ಆಯಿತು. ಎರಡು ಸಂದೇಹ. ಒಬ್ಬರು ತಾವು ಇಂಡಿಜಿನಸ್ ಎಂದು ಬರೆದರೆ ಅದನ್ನು ನಾನು ಪರೀಕ್ಷಿಸಬೇಕೇ? ಸಂದರ್ಶನದಲ್ಲಿ ಏನು ಕೇಳಬೇಕು?

ಉತ್ತರ

ನೀವು ಪರೀಕ್ಷಿಸಬಾರದು. ಮುಖ ನೋಡಿ, ಹೆಸರು ನೋಡಿ ಅಳೆಯುವ ಕೆಲಸವಂತೂ ಬೇಡವೇ ಬೇಡ. ಸುಳ್ಳು ಹೇಳಿ ಹುದ್ದೆ ಹಿಡಿದ ಪ್ರಕರಣಗಳು ಬಯಲಾದ ಮೇಲೆ, ಫಾರ್ಮಿನಲ್ಲಿ ಟಿಕ್ ಹಾಕಿದರೆ ಸಾಕು ಎನ್ನುವುದನ್ನು ಹಲವು ವಿಶ್ವವಿದ್ಯಾಲಯಗಳು ಬಿಟ್ಟಿವೆ. ಆ ಸಮುದಾಯ ಇವರನ್ನು ತಮ್ಮವರೆಂದು ಗುರುತಿಸುತ್ತದೆಯೇ ಎಂಬುದು ಮುಖ್ಯ. ಅದನ್ನು ನೋಡಬೇಕಾದವರು ಇಂಡಿಜಿನಸ್ ಜನರೇ ಇರುವ ಪ್ರತ್ಯೇಕ ಸಮಿತಿಯವರು. ನೆನಪಿಡಿ, 1960ರ ದಶಕದ ಸುತ್ತಮುತ್ತ ಸಾವಿರಾರು ಮಕ್ಕಳನ್ನು ಮನೆಗಳಿಂದ ಎತ್ತಿಕೊಂಡು ಹೋಗಿ ಬೇರೆಯವರಿಗೆ ದತ್ತು ಕೊಟ್ಟರು. ಅಂಥವರ ಕೈಯಲ್ಲಿ ಕಾಗದ ಇಲ್ಲದಿರಬಹುದು. ಅವರ ಮಾತು ಕೇಳುವಾಗ ಅವಸರ ಬೇಡ.

ಸಂದರ್ಶನದ ಪ್ರಶ್ನೆಗಳನ್ನು ಒಂದು ವಾರ ಮೊದಲೇ ಕಳಿಸಿ. ಥಟ್ಟನೆ ಉತ್ತರಿಸುವ ಚಾಕಚಕ್ಯತೆ ಈ ಕೆಲಸಕ್ಕೆ ಬೇಕಾಗಿಲ್ಲ. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ತಿಳಿಸಿಕೊಟ್ಟ ಪ್ರಶ್ನೆ ಒಂದೇ: "ಯಾವ ಕಥೆಯನ್ನು ನೀವು ಈ ತರಗತಿಯಲ್ಲಿ ಕಲಿಸುವುದಿಲ್ಲ?"

ಯಾಕೆ ಅಂತೀರಾ? ಅನಿಶಿನಾಬೆ ಜನರಲ್ಲಿ, ಇನ್ನೂ ಹಲವರಲ್ಲಿ, ಕೆಲವು ಕಥೆಗಳನ್ನು ಹಿಮ ಬಿದ್ದಿರುವ ಕಾಲದಲ್ಲಿ ಮಾತ್ರ ಹೇಳುತ್ತಾರೆ. ಕೆಲವು ಕಥೆಗಳು ಒಂದು ಮನೆತನದ ಸ್ವತ್ತು. ಇದೇ ಪ್ರಾಂತ್ಯದ ಗಿಟ್ಕ್ಸನ್ ಜನರ ಮನೆತನಗಳು ತಮ್ಮ "ಅಡಾವಕ್" ಎಂಬ ಮೌಖಿಕ ಚರಿತ್ರೆಯನ್ನು ನೆಲದ ಹಕ್ಕಿಗೆ ಸಾಕ್ಷಿಯಾಗಿ ಕೋರ್ಟಿಗೆ ತಂದರು. ಕೆಳಗಿನ ನ್ಯಾಯಾಲಯ ಅದಕ್ಕೆ ಬೆಲೆ ಕೊಡಲಿಲ್ಲ. 1997ರಲ್ಲಿ ಡೆಲ್ಗಮೂಕ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಮೌಖಿಕ ಚರಿತ್ರೆಗೂ ತಕ್ಕ ತೂಕ ಕೊಡಬೇಕು ಎಂದಿತು. ಅಂದರೆ ಕಥೆ ಇಲ್ಲಿ ಪಹಣಿಯ ಹಾಗೆ ನೆಲದ ದಾಖಲೆಯೂ ಹೌದು. ಅಚ್ಚಾಗಿ ಲೈಬ್ರರಿಯಲ್ಲಿ ಸಿಕ್ಕಿತು ಎಂದು ಎತ್ತಿ ಪಠ್ಯಕ್ಕೆ ಹಾಕುವವರು, ಅದನ್ನು ಬರೆದುಕೊಂಡವರು ಯಾರು, ಹೇಳಿದವರು ಒಪ್ಪಿದ್ದರೇ ಎಂದು ಕೇಳಿರುವುದಿಲ್ಲ. ಜನವರಿ ಪೇಪರಿಗೆ ಬರುವವರು "ಚಳಿಗಾಲದ ಕಥೆಗಳನ್ನು ಫೆಬ್ರವರಿಯೊಳಗೆ ಮುಗಿಸುತ್ತೇನೆ" ಎಂದರೆ, ಅವರಿಗೆ ವಿಷಯ ಗೊತ್ತಿದೆ ಎಂದು ತಿಳಿಯಿರಿ.

ಮಾದರಿ ಪಾಠ ಬೇಕಿದ್ದರೆ ಒಂದೇ ಕಥೆ ಕೊಡಿ, ಇಪ್ಪತ್ತು ನಿಮಿಷ ಸಾಕು. ನಾನು ಕೊಡುತ್ತಿದ್ದುದು ಮೊಹಾಕ್ ಲೇಖಕಿ ಪಾಲಿನ್ ಜಾನ್ಸನ್ 1893ರಲ್ಲಿ ಪ್ರಕಟಿಸಿದ "ಎ ರೆಡ್ ಗರ್ಲ್ಸ್ ರೀಸನಿಂಗ್". ಹೆಂಡತಿಯ ತಂದೆತಾಯಿ ಚರ್ಚಿನ ಪಾದ್ರಿ ಇಲ್ಲದೆ, ತಾಯಿಯ ಜನರ ಸಂಪ್ರದಾಯದಂತೆ ಮದುವೆಯಾದವರು ಎಂದು ತಿಳಿದ ಬಿಳಿಯ ಗಂಡ ನಾಚಿಕೆಪಟ್ಟು ರೇಗುತ್ತಾನೆ. ನನ್ನ ಜನರ ಶಾಸ್ತ್ರವನ್ನು ನೀನು ಒಪ್ಪದಿದ್ದರೆ ನಿನ್ನ ಶಾಸ್ತ್ರವನ್ನು ನಾನೇಕೆ ಒಪ್ಪಲಿ, ಹಾಗಾದರೆ ನಮ್ಮದೂ ಮದುವೆಯಲ್ಲ ಎಂದು ಅವಳು ಹೊರಟುಹೋಗುತ್ತಾಳೆ. ಇದನ್ನು "ಪಾಪದ ಹೆಣ್ಣು" ಎಂದು ಕಲಿಸುವವರೂ ಇದ್ದಾರೆ, ಎರಡು ಕಾನೂನುಗಳು ಎದುರುಬದುರು ನಿಂತ ಕಥೆ ಎಂದು ಕಲಿಸುವವರೂ ಇದ್ದಾರೆ. ಎರಡನೆಯವರನ್ನು ಆರಿಸಿ.

ದುಡ್ಡಿನ ಮಾತನ್ನೂ ಈಗಲೇ ಆಡಿಬಿಡಿ. ಸಮುದಾಯದ ಹಿರಿಯರೊಬ್ಬರನ್ನು ತರಗತಿಗೆ ಕರೆದರೆ ಅವರಿಗೆ ಗೌರವಧನ, ಓಡಾಟದ ಖರ್ಚು, ಊಟ ವಿಭಾಗದಿಂದ ಹೋಗಬೇಕು. ಹಿಂದೆ ನಾನಿದ್ದ ಒಂದು ವಿಭಾಗದಲ್ಲಿ ತರಗತಿ ಶುರುವಾಗಲು ಆರು ದಿನ ಇರುವಾಗ ಒಬ್ಬ ಯುವ ಕಥೆಗಾರ್ತಿಯನ್ನು ನೇಮಿಸಿದೆವು. ಹಿರಿಯರಿಗೆ ಕೊಡಬೇಕಾದ ಹಣವನ್ನು ಆಕೆ ತನ್ನ ಸಂಬಳದಿಂದಲೇ ಕೊಟ್ಟಳು. ನಮಗೆ ಗೊತ್ತಾಗಿದ್ದು ಅವಧಿ ಮುಗಿದ ಮೇಲೆ. ಅಷ್ಟರಲ್ಲಿ ಆಕೆಯ ಇಮೇಲ್ ಬಂದ್ ಆಗಿತ್ತು, ಲೈಬ್ರರಿ ಕಾರ್ಡೂ ಮುಗಿದಿತ್ತು. ಮತ್ತೆ ಕರೆದಾಗ ಬರಲಿಲ್ಲ. ನಾನು ಆ ಸಮಿತಿಯಲ್ಲಿದ್ದೆ, ಕೇಳಬೇಕಾದುದನ್ನು ಕೇಳಲಿಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇನ್ನೊಬ್ಬ ಸದಸ್ಯೆ

ಅಕ್ಕಾ, ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಾನು ಮೈಸೂರಿನಲ್ಲಿ ಮಂಟೇಸ್ವಾಮಿ ಕಾವ್ಯದ ಮೇಲೆ ಪಿಎಚ್‌ಡಿ ಮಾಡಿದವಳು. ಈಗ ಇಲ್ಲಿ ಪಿಆರ್ (ಕಾಯಂ ವಾಸದ ಅನುಮತಿ) ಇದೆ, ಎರಡು ವರ್ಷದಿಂದ ಪ್ರಬಂಧ ರಚನೆಯ ತರಗತಿ ತಗೊಳ್ತಿದ್ದೀನಿ. ಇಂಥ ಹುದ್ದೆಗೆ ನಾನು ಅರ್ಜಿ ಹಾಕಬಹುದಾ? ನಮ್ಮಲ್ಲೂ ಆದಿವಾಸಿ, ಮೌಖಿಕ ಪರಂಪರೆ ಎಲ್ಲ ಇದೆಯಲ್ಲ.

ಉತ್ತರ

ಹಾಕಬಾರದು ಅಂತ ನಿಯಮವಿಲ್ಲ ತಂಗಿ. ಆದರೆ "ನಮ್ಮಲ್ಲೂ ಇದೆ" ಎಂಬ ಮಾತನ್ನು ಅರ್ಜಿಯಲ್ಲಿ ಬರೆಯಬೇಡ. ಸೋಲಿಗರ ಕಷ್ಟ, ಜೇನುಕುರುಬರ ಕಷ್ಟ ಅವರದು. ನೀನೂ ನಾನೂ ಅದನ್ನು ಇಲ್ಲಿ ನಮ್ಮ ಗುರುತಿನ ಚೀಟಿ ಮಾಡಿಕೊಳ್ಳುವುದು ತಪ್ಪು. ಈ ನೆಲಕ್ಕೆ ನಾವು ಬಂದವರು, ಇಲ್ಲಿ ಮನೆ ಕೊಂಡವರು.

ನಿನ್ನ ಹತ್ತಿರ ಇರುವ ನಿಜವಾದ ಬಂಡವಾಳ ಬೇರೆ. ಮಂಟೇಸ್ವಾಮಿ ಕಾವ್ಯ ಹಾಡುವವರು ನೀಲಗಾರರು, ದೀಕ್ಷೆ ಪಡೆದವರು. ಹಾಡಿಗೂ ಹಾಡುವವನಿಗೂ ಒಂದು ಕಟ್ಟು ಇದೆ, ಕೇಳುವ ಸಂದರ್ಭವೂ ಇದೆ ಎನ್ನುವುದನ್ನು ನೀನು ಅವರ ಜೊತೆ ಕೂತು ಕಂಡವಳು. ಅದು ಪುಸ್ತಕವಾದಾಗ ಏನು ಉಳಿಯಿತು, ಏನು ಹೋಯಿತು ಎಂದು ಬಲ್ಲವಳು. ಇಲ್ಲಿನ ಕಥೆಗಳ ಮುಂದೆ ಕೂರುವಾಗ ಆ ವಿನಯ ಉಪಯೋಗಕ್ಕೆ ಬರುತ್ತದೆ. ಇನ್ನೊಂದು, ಶಾಲೆಯಲ್ಲಿ ನಾವೆಲ್ಲ "ರೆಡ್ ಇಂಡಿಯನ್" ಅಂತಲೇ ಕಲಿತದ್ದು. ಆ ಪದವನ್ನು ಕನ್ನಡದಲ್ಲಿ ಮಾತಾಡುವಾಗಲೂ ಬಿಟ್ಟುಬಿಡು. ಫಸ್ಟ್ ನೇಷನ್ಸ್, ಮೆಟಿ, ಇನ್ಯುಯಿಟ್ ಮೂರೂ ಬೇರೆ ಬೇರೆ. ಆಯಾ ಲೇಖಕರನ್ನು ಅವರವರ ಜನರ ಹೆಸರಿನಿಂದಲೇ ಕರೆಯುವುದು ರೂಢಿಯಾಗಲಿ.

ಈ ಸಲ ನೀನು ಹಾಕುವುದು ಬೇಡ ಎನ್ನುವುದು ನನ್ನ ಅಭಿಪ್ರಾಯ. ಇಂಡಿಜಿನಸ್ ಅಭ್ಯರ್ಥಿ ಸಿಕ್ಕದೆ ಪೇಪರೇ ರದ್ದಾಗುವ ಸ್ಥಿತಿ ಬಂದು, ಅಲ್ಲಿನ ಇಂಡಿಜಿನಸ್ ಕೇಂದ್ರದವರೂ ಒಪ್ಪಿದರೆ ಆಗ ಯೋಚಿಸು. ಅಲ್ಲಿಯವರೆಗೆ ಮೌಖಿಕ ಸಾಹಿತ್ಯ, ಅನುವಾದ, ವಿಶ್ವ ಸಾಹಿತ್ಯದ ಪೇಪರುಗಳಿಗೆ ಅರ್ಜಿ ಹಾಕು. ಅಲ್ಲಿ ನಿನ್ನ ಪಿಎಚ್‌ಡಿ ಪೂರ್ತಿ ತೂಕಕ್ಕೆ ಬರುತ್ತದೆ. ಸಿವಿ ಕಳಿಸು, ನೋಡಿಕೊಡುತ್ತೇನೆ.

ಇನ್ನೊಬ್ಬ ಸದಸ್ಯೆ

ಸ್ವಲ್ಪ ಬೇಜಾರಾಯ್ತು ಅಕ್ಕಾ, ಸುಳ್ಳು ಹೇಳಲ್ಲ. ಆದರೆ ನೀಲಗಾರರ ಮಾತು ಹೇಳಿದ್ರಲ್ಲ, ಅದು ನಾಟಿತು. ಅವರ ಬದಲು ನಾನೇ ತಂಬೂರಿ ಹಿಡ್ಕೊಂಡು ಹಾಡೋಕೆ ಕೂತಿದ್ರೆ ಹೇಗಿರ್ತಿತ್ತು ಅಂತ ಯೋಚನೆ ಬಂತು. ಸಿವಿ ಇವತ್ತೇ ಕಳಿಸ್ತೀನಿ.

ಮೊದಲ ಪ್ರಶ್ನಿಗರು

ಮೇಡಂ, ಕರಡು ತಿದ್ದಿದ್ದೇನೆ. ಪಿಎಚ್‌ಡಿ ಸಾಲು ನೀವು ಹೇಳಿದ ಹಾಗೆ ಬದಲಾಯಿತು, ಅವಧಿ ಐದು ವಾರ. 42ನೇ ಕಲಮಿನ ಅನುಮೋದನೆ ನಮ್ಮಲ್ಲಿ ಆಗಲೇ ಇದೆಯಂತೆ, ನನಗೇ ಗೊತ್ತಿರಲಿಲ್ಲ. ಹಿರಿಯರ ಗೌರವಧನಕ್ಕೆ ಪ್ರತ್ಯೇಕ ಹಣ ಬೇಕೆಂದು ಡೀನ್‌ಗೆ ಬರೆದಿದ್ದೇನೆ, ಉತ್ತರ ಬಂದಿಲ್ಲ. ಬಾರದಿದ್ದರೆ?

ಉತ್ತರ

ಬರುವವರೆಗೆ ಜಾಹೀರಾತು ಹೊರಡಿಸಬೇಡಿ. ನೇಮಕವಾದ ಮೇಲೆ ಆ ಹಣ ಕೇಳಿದರೆ ಯಾರೂ ಕೊಡುವುದಿಲ್ಲ.