ಮಳೆಗಾಲದಲ್ಲಿ ಹಳೆಯ ಫೈಬರ್ ದೋಣಿ ಖರೀದಿ: ದರ ಕುದುರಿಸುವುದು ಹೇಗೆ?

ಕರೂರು ಸೀಮೆಯ ಕೃಷಿಕ:
ಮಾನ್ಯರೇ, ನಮ್ಮ ಮನೆ ಶರಾವತಿ ಹಿನ್ನೀರಿನ ದಂಡೆಯಲ್ಲಿದ್ದು, ಅಡಿಕೆ ತೋಟದ ಒಂದು ಭಾಗ ಎದುರು ದಡದಲ್ಲಿದೆ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಸಂಚಾರಕ್ಕೆ ತೆರೆದ ಮೇಲೆ ಸಾಗರಕ್ಕೆ ಹೋಗಿಬರುವುದು ಸಲೀಸಾಯಿತಾದರೂ, ಆ ತೋಟಕ್ಕೆ ರಸ್ತೆಯಲ್ಲಿ ಹೋಗಬೇಕೆಂದರೆ ಈಗಲೂ ಬಹಳ ಸುತ್ತು. ಪ್ರವಾಸಿಗರಿಗೆ ವಸತಿ ನಡೆಸುವವರೊಬ್ಬರು ತಮ್ಮ 16 ಅಡಿಯ ಫೈಬರ್ ದೋಣಿಯನ್ನು 9.9 ಎಚ್‌ಪಿ ಪೆಟ್ರೋಲ್ ಎಂಜಿನ್ ಸಹಿತ ಎರಡು ಲಕ್ಷಕ್ಕೆ ಕೊಡುವುದಾಗಿ ಹೇಳುತ್ತಿದ್ದಾರೆ. ಆರಿದ್ರಾ ಮಳೆ ಹಿಡಿದಿರುವುದರಿಂದ ದೋಣಿ ಟಾರ್ಪಾಲು ಹೊದ್ದು ಶೆಡ್ಡಿನಲ್ಲಿದೆ. ಮಳೆ ಬಿಡುವವರೆಗೆ ಅದನ್ನು ವಿಹಾರಕ್ಕೆ ಇಳಿಸುವುದಿಲ್ಲವಂತೆ. ಹಾಗಿದ್ದೂ ಬೇರೆ ಗಿರಾಕಿ ಇದ್ದಾರೆ, ಈ ವಾರವೇ ಮುಂಗಡ ಕೊಡಿ ಎನ್ನುತ್ತಾರೆ. ನಾನು ಎಷ್ಟಕ್ಕೆ ಕೇಳಬಹುದು?

ಹೊಳೆಬಾಗಿಲು ಕಡೆಯವ:
ಮಳೆಗಾಲವೆಂಬ ಒಂದೇ ಕಾರಣಕ್ಕೆ ದರ ಇಳಿಯುವುದಿಲ್ಲ. ಸ್ವಂತ ಶೆಡ್ಡು ಇರುವವರಿಗೆ ದೋಣಿಯನ್ನು ದಸರಾವರೆಗೆ ಇಟ್ಟುಕೊಳ್ಳುವುದರಿಂದ ಖರ್ಚೇನೂ ಬೀಳುವುದಿಲ್ಲ. ಹಣದ ಜರೂರು ಇದ್ದರೆ ಮಾತ್ರ ಅವರು ಬಗ್ಗುತ್ತಾರೆ. ಏಕೆ ಮಾರುತ್ತಿದ್ದಾರೆ, ದೋಣಿ ಯಾವಾಗಿನಿಂದ ನೀರಿಗಿಳಿದಿಲ್ಲ ಎಂಬುದನ್ನು ಮೊದಲು ವಿಚಾರಿಸಿ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗಲೇ ಮೇಲೆಳೆದದ್ದಾದರೆ ಸಹಜ, ಅದಕ್ಕೂ ಹಿಂದಿನ ಸೀಸನ್ನಿನಲ್ಲೇ ನಿಂತದ್ದಾದರೆ ಏನೋ ತೊಂದರೆ ಇದೆಯೆಂದೇ ತಿಳಿಯಬೇಕು.

ನಿಮ್ಮ ಪರವಾಗಿರುವ ನಿಜವಾದ ಅಂಶವೆಂದರೆ, ನೀರಿಗಿಳಿಸಿ ನೋಡದ ದೋಣಿಗೆ ಪೂರ್ತಿ ಕ್ರಯ ಕೇಳುವುದು ನ್ಯಾಯವಲ್ಲ ಎಂಬುದು. ಆದ್ದರಿಂದ ದೋಣಿಗೆ ಒಂದು ದರ, ಎಂಜಿನ್ನಿಗೆ ಇನ್ನೊಂದು ದರ ಎಂದು ಬಿಡಿಸಿ ಮಾತಾಡಿ, ಎಂಜಿನ್ನಿನ ಹಣವನ್ನು ನೀರಿನಲ್ಲಿ ಓಡಿಸಿ ತೋರಿಸಿದ ಮೇಲೆ ಕೊಡುವುದಾಗಿ ಚೀಟಿಯಲ್ಲಿ ಬರೆಯಿಸಿಕೊಳ್ಳಿ. ಬೇರೆ ಗಿರಾಕಿಯ ಮಾತಿಗೆ ಉತ್ತರ ಕೊಡುವ ಅಗತ್ಯವೇ ಇಲ್ಲ. ಆರಿದ್ರಾ ಮಳೆಯಲ್ಲಿ ದೋಣಿ ನೋಡಲು ಸಾಲುಗಟ್ಟಿ ಬರುವವರನ್ನು ನಾನಂತೂ ಕಂಡಿಲ್ಲ.

ಗಂಗೊಳ್ಳಿ ಮೆಕ್ಯಾನಿಕ್:
ದರದ ಮಾತಿಗೆ ಮೊದಲು ಒಂದು ಸ್ಕ್ರೂಡ್ರೈವರ್ ಮತ್ತು ಒಂದು ಖಾಲಿ ಬಾಟಲಿ ತೆಗೆದುಕೊಂಡು ಹೋಗಿ. ಎಂಜಿನ್ನಿನ ತಳದಲ್ಲಿ, ಫ್ಯಾನಿನ ಹತ್ತಿರವಿರುವ ಗೇರ್ ಆಯಿಲ್ ತಿರುಪನ್ನು ಸಡಿಲಿಸಿದಾಗ ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ, ಸೀಲು ಹೋಗಿ ಒಳಗೆ ನೀರು ಸೇರಿದೆಯೆಂದು ಅರ್ಥ. ಅನಂತರ ಎಂಜಿನ್ ಕೂರಿಸುವ ಹಿಂಭಾಗದ ಹಲಗೆಯನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ಬೋಲ್ಟುಗಳ ಸುತ್ತ ಮೆಲ್ಲಗೆ ತಟ್ಟುತ್ತಾ ಹೋಗಿ. ಅನೇಕ ದೋಣಿಗಳಲ್ಲಿ ಅಲ್ಲಿ ಫೈಬರ್ ಹೊದಿಕೆಯೊಳಗೆ ಪ್ಲೈವುಡ್ ಇರುತ್ತದೆ, ಬೋಲ್ಟಿನ ತೂತಿನಿಂದ ನೀರಿಳಿದು ಅದು ಕೊಳೆತಿದ್ದರೆ ಟಣ್ ಎನ್ನುವ ಬದಲು ಮಂಕಾದ ಸದ್ದು ಬರುತ್ತದೆ. ಆ ಹಲಗೆ ಬದಲಿಸುವುದು ದೊಡ್ಡ ಕೆಲಸವಾದ್ದರಿಂದ ಅದರ ಖರ್ಚನ್ನು ಪೂರ್ತಿಯಾಗಿ ಕ್ರಯದಲ್ಲಿ ಕಳೆಯಲೇಬೇಕು.

ನೀರಿಗಿಳಿಸಲು ಒಪ್ಪದಿದ್ದರೆ ಡ್ರಮ್ಮಿನಲ್ಲಿ ನೀರು ತುಂಬಿಸಿ ಎಂಜಿನ್ ಚಾಲೂ ಮಾಡಿಸಿ, ಆದರೆ ಒಣಗಾಗಿ ಮಾತ್ರ ಓಡಿಸಲು ಬಿಡಬೇಡಿ, ನೀರೆತ್ತುವ ರಬ್ಬರ್ ಚಕ್ರ ಸುಟ್ಟುಹೋಗುತ್ತದೆ. ಪಕ್ಕದ ಸಣ್ಣ ತೂತಿನಿಂದ ನೀರಿನ ಧಾರೆ ಒಂದೇ ಸಮನೆ ಬರುತ್ತಿರಬೇಕು. ಡ್ರಮ್ಮಿನಲ್ಲಿ ಚೆನ್ನಾಗಿ ಓಡಿದ ಎಂಜಿನ್ ಭಾರ ಬಿದ್ದಾಗ ಉಸಿರು ಬಿಡುವುದುಂಟು. ಆದ್ದರಿಂದ ಹೊಳೆಬಾಗಿಲಿನವರು ಹೇಳಿದ ಷರತ್ತನ್ನು ಬಿಡಬೇಡಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ನಮ್ಮ ಕರಾವಳಿಯಲ್ಲಿಯೂ ಹಳೆಯ ಎಂಜಿನ್ನುಗಳು ಈಗ ಮಾರಾಟಕ್ಕೆ ಸಿಗುತ್ತವೆ. ದರ ಹೋಲಿಸಲು ಅವು ಅನುಕೂಲ, ಆದರೆ ಕೊಳ್ಳಲು ನಾನು ಹೇಳಲಾರೆ: ಉಪ್ಪುನೀರು ತಿಂದಿರುತ್ತವೆ, ನಾಡದೋಣಿಗಳಲ್ಲಿ ಅನೇಕವು ಸೀಮೆಎಣ್ಣೆಯವು.

ತೀರ್ಥಹಳ್ಳಿಯಿಂದ:
ಕಾಗದಪತ್ರವನ್ನು ಯಾರೂ ಕೇಳಲಿಲ್ಲ. 1917ರ ಹಳೆಯ ಕಾಯ್ದೆಯ ಬದಲಿಗೆ ಬಂದಿರುವ 2021ರ ಒಳನಾಡು ಹಡಗುಗಳ ಕಾಯ್ದೆಯಲ್ಲಿ ಎಂಜಿನ್ ಇರುವ ದೋಣಿಗಳಿಗೆ ಸರ್ವೆ, ನೋಂದಣಿ, ವಿಮೆಗಳ ನಿಯಮಗಳಿವೆ. ಪ್ರವಾಸಿಗರನ್ನು ಕೂರಿಸಿಕೊಂಡ ದೋಣಿಯೆಂದ ಮೇಲೆ ಮಾರುವವರ ಬಳಿ ಈ ದಾಖಲೆಗಳು ಇರಬೇಕಾದವು. ಇದ್ದರೆ ಹಕ್ಕು ವರ್ಗಾವಣೆಯ ಖರ್ಚು ಯಾರದೆಂದು ಈಗಲೇ ತೀರ್ಮಾನಿಸಿ. ಇಲ್ಲದಿದ್ದರೆ ಅದು ಚೌಕಾಸಿಯ ವಿಷಯವಲ್ಲ, ಕೈಬಿಡುವ ವಿಷಯ. ಎಂಜಿನ್ನಿನ ಮೇಲಿನ ಸಂಖ್ಯೆ ಬಿಲ್ಲಿನ ಸಂಖ್ಯೆಗೆ ಹೊಂದುತ್ತದೆಯೇ ಎಂಬುದನ್ನೂ ಖುದ್ದಾಗಿ ನೋಡಿ.

ಕರೂರು ಸೀಮೆಯ ಕೃಷಿಕ:
ಎಲ್ಲರಿಗೂ ಧನ್ಯವಾದಗಳು. ನಿನ್ನೆ ಹೋಗಿ ನೋಡಿದೆ. ಗೇರ್ ಆಯಿಲ್ ಸ್ವಚ್ಛವಾಗಿದೆ, ದಾಖಲೆಗಳೂ ಇವೆ. ಹಿಂದಿನ ಹಲಗೆ ಮಾತ್ರ ಎಡಗಡೆಯ ಕೆಳಬೋಲ್ಟಿನ ಬಳಿ ಮಂಕಾಗಿ ಸದ್ದು ಮಾಡುತ್ತದೆ. ಅದನ್ನು ಅವರಿಗೇ ತಟ್ಟಿ ಕೇಳಿಸಿದ ಮೇಲೆ ಒಂದು ಲಕ್ಷ ಎಪ್ಪತ್ತು ಸಾವಿರಕ್ಕೆ ಇಳಿದರು. ನಾನು ಒಂದೂವರೆಗೆ ನಿಂತಿದ್ದೇನೆ. ಎಂಜಿನ್ನಿನ ಹಣ ನೀರಿಗಿಳಿಸಿದ ಮೇಲೆ ಎಂಬುದಕ್ಕೆ ಒಪ್ಪಿದ್ದಾರೆ, ಆದರೆ ದೋಣಿ ಸಾಗಿಸುವ ಲಾರಿಯ ಬಾಡಿಗೆ ನನ್ನದೇ ಎನ್ನುತ್ತಾರೆ.

ಗಂಗೊಳ್ಳಿ ಮೆಕ್ಯಾನಿಕ್:
ಹಲಗೆಯ ಒಂದು ಮೂಲೆ ಮಾತ್ರ ಮೆತ್ತಗಾಗಿದ್ದರೆ ಅಷ್ಟನ್ನೇ ಕತ್ತರಿಸಿ ಕೂರಿಸಬಹುದು. ದುರಸ್ತಿಯನ್ನು ಅವರಿಂದ ಮಾಡಿಸಬೇಡಿ, ಮೇಲೆ ಬಣ್ಣ ಬಳಿದು ಕೊಟ್ಟಾರು. ಲಾರಿ ಬಾಡಿಗೆಯನ್ನು ನೀವೇ ಭರಿಸುವುದಾಗಿ ಹೇಳಿ, ಅದಕ್ಕೆ ಬದಲಾಗಿ ಲಂಗರು, ಹಗ್ಗ, ಲೈಫ್ ಜಾಕೆಟ್ ಮತ್ತು ಪೆಟ್ರೋಲ್ ಟ್ಯಾಂಕನ್ನು ಅದೇ ದರದಲ್ಲಿ ಸೇರಿಸಿಕೊಡಲು ಕೇಳಿ. ಹೊಸದಾಗಿ ಕೊಂಡರೆ ಅವೇ ಸಾಕಷ್ಟು ಹಣ ನುಂಗುತ್ತವೆ.