ದೋಣಿಗೆ ‘ಪಾಲಿಶ್’: ಬೆಳಗುವುದೋ, ಸವರುವುದೋ?

ಎಲ್ಲರಿಗೂ ನಮಸ್ಕಾರ,

ಹೊನ್ನಾವರದಲ್ಲಿ ನಮ್ಮ ಭಾವ ಒಂದು ಸಣ್ಣ ಫೈಬರ್ ದೋಣಿ ಇಟ್ಟುಕೊಂಡಿದ್ದಾರೆ. ನೆಂಟರು ಬಂದರೆ ಶರಾವತಿಯಲ್ಲಿ ಒಂದು ಸುತ್ತು, ಅಷ್ಟಕ್ಕೇ. ಅದನ್ನು ತೊಳೆದು ನೋಡಿಕೊಳ್ಳುವ ಹುಡುಗನಿಗೆ ಒಂದು ಚೀಟಿ ಬರೆದುಕೊಡು ಅಂದರು. ಬರೆಯಲು ಕೂತು ಸಿಕ್ಕಿಬಿದ್ದಿದ್ದೇನೆ.

ಬಿಸಿಲಿಗೆ ದೋಣಿಯ ಮೈ ಮಂಕಾಗುತ್ತದೆ. ಕೈಯಾಡಿಸಿದರೆ ಸೀಮೆಸುಣ್ಣದ ಹಾಗೆ ಬಿಳಿ ಪುಡಿ ಹತ್ತುತ್ತದೆ. ಆ ಪದರವನ್ನು ಕಾಂಪೌಂಡ್ (ಮೈಯನ್ನು ತುಸು ಸವೆಸುವ ಪೇಸ್ಟ್) ಹಾಕಿ ಉಜ್ಜಿ ತೆಗೆಯಬೇಕು. ಆಮೇಲೆ ಹೊಳಪು ಉಳಿಯಲಿ ಅಂತ ವ್ಯಾಕ್ಸ್ ಹಚ್ಚಬೇಕು. ಒಂದು ತೆಗೆಯುವ ಕೆಲಸ, ಇನ್ನೊಂದು ಹಚ್ಚುವ ಕೆಲಸ. ನಾವು ಎರಡಕ್ಕೂ ‘ಪಾಲಿಶ್ ಹೊಡಿ’ ಅಂತಲೇ ಹೇಳುವುದು. ಹಿಂದೆ ಇದ್ದವನು ಹಾಗೇ ತಿಳಿದು ತಿಂಗಳಿಗೊಮ್ಮೆ ಕಾಂಪೌಂಡ್ ಹಾಕಿ ಉಜ್ಜಿದ್ದಾನೆ. ಫೈಬರ್ ಮೇಲಿನ ನುಣುಪು ಪದರ, ಅಂದರೆ ಜೆಲ್‌ಕೋಟ್, ಇರುವುದೇ ಅರ್ಧ ಮಿಲಿಮೀಟರ್ ಆಸುಪಾಸು. ಮೂತಿಯ ಅಂಚಿನಲ್ಲಿ ಈಗ ಒಳಗಿನ ನಾರಿನ ನೇಯ್ಗೆ ಕಾಣುತ್ತಿದೆ!

ಅದಕ್ಕೇ ಕಾಂಪೌಂಡ್ ಹಾಕಿ ಉಜ್ಜುವ ಕೆಲಸಕ್ಕೆ ನನಗೆ ‘ಬೆಳಗು’ ಹೊಳೆಯಿತು. ಹುಣಸೆಹುಳಿ ಹಾಕಿ ಚೊಂಬು ಬೆಳಗುತ್ತೇವಲ್ಲ, ಅದು. ತಿಕ್ಕಿದರೆ ಹೊಳಪು ಬರಲೇಬೇಕೆಂದಿಲ್ಲ. ಬೆಳಗಿದರೆ ಬರಬೇಕು. ಸವೆತವೂ ಅದರೊಳಗೇ ಇದೆ: ಅಜ್ಜಿಯ ಚೊಂಬಿನ ಮೇಲೆ ಕೊರೆಸಿದ್ದ ಹೆಸರು ಬೆಳಗಿ ಬೆಳಗಿ ಈಗ ಬೆರಳಿಗೂ ಸಿಗುವುದಿಲ್ಲ. ಹಳಗನ್ನಡದ ‘ಒಪ್ಪವಿಡು’ ಚೆನ್ನಾಗಿದೆ. ಆದರೆ ಈಗ ಒಪ್ಪ ಅಂದರೆ ‘ಒಪ್ಪ ಓರಣ’ವೇ ನೆನಪಾಗುವುದು, ಅಲ್ವಾ?

ತೊಡಕು ಜಾಸ್ತಿ ಇರುವುದು ವ್ಯಾಕ್ಸ್‌ನಲ್ಲಿ. ‘ಮೇಣ ಹಚ್ಚು’ ಅಂತ ಬರೆದೆ. ಹುಡುಗ ನಕ್ಕುಬಿಟ್ಟ. ‘ಮೇಣ ಹಚ್ಚಿದ್ರೆ ದೂಳೆಲ್ಲ ಅಂಟೂದಿಲ್ವಾ?’ ಅವನಿಗೆ ಮೇಣ ಅಂದರೆ ಹಲಸಿನ ಮೇಣ. ಕೊಬ್ಬರಿ ಎಣ್ಣೆ ಸವರಿಕೊಳ್ಳದೆ ಕೈ ಬಿಡದ್ದು. ಇಲ್ಲಿ ಬೇಕಾದದ್ದು ಅದರ ತದ್ವಿರುದ್ಧ. ಒರೆಸಿದ ಮೇಲೆ ನೀರು ಕೆಸುವಿನ ಎಲೆಯ ಮೇಲಿನ ಹನಿಯಂತೆ ಉರುಳಿಹೋಗಬೇಕು. ಮೇಣದಬತ್ತಿ ನೆನಪಿಸಿದೆ. ‘ಅದು ಕ್ಯಾಂಡಲ್’ ಅಂದ.

ಮರದ ದೋಣಿಗೆ ಈ ಪೇಚಿಲ್ಲ. ಮೀನೆಣ್ಣೆಯನ್ನೋ ಗೇರೆಣ್ಣೆಯನ್ನೋ ಬಳಿದರೆ ಆಯಿತು. ಆದರೆ ವ್ಯಾಕ್ಸಿಗೆ ‘ಬಳಿ’ ಅಂದರೆ ದಪ್ಪಗೆ ಮೆತ್ತಿಬಿಡುತ್ತಾನೆ. ಬಿಸಿಲಿಗೆ ಗಟ್ಟಿಯಾದರೆ ಒರೆಸಿ ಒರೆಸಿ ತೋಳು ಬಿದ್ದುಹೋಗುತ್ತದೆ. ಹಾಗಾಗಿ ‘ಸವರು’ ಇಟ್ಟೆ.

ಸದ್ಯ ಚೀಟಿಯಲ್ಲಿರುವುದು ಇಷ್ಟು: ‘ಸಿಹಿನೀರಿನಲ್ಲಿ ಉಪ್ಪು ತೊಳೆ. ಪುಡಿ ಹತ್ತುವ ಕಡೆ ಮಾತ್ರ ಬೆಳಗು. ನೆರಳಿನಲ್ಲಿ ಮೊಳ ಮೊಳದಷ್ಟೇ ಜಾಗಕ್ಕೆ ಮೇಣ ತೆಳ್ಳಗೆ ಸವರಿ ಒರೆಸು.’

ಮೇಣದ ಬದಲು ‘ಮೆರುಗು’ ಹಾಕಲೇ? ವಾರ್ನಿಶ್‌ಗೆ ಮೆರುಗೆಣ್ಣೆ ಅನ್ನುವುದುಂಟು. ಆದರೆ ಮೆರುಗು ಅಂದರೆ ಮೈಮೇಲೆ ಕಾಣುವ ಹೊಳಪು, ಡಬ್ಬಿಯಲ್ಲಿರುವ ವಸ್ತುವಲ್ಲ. ಸುಮ್ನೆ ವ್ಯಾಕ್ಸ್ ಅಂತಲೇ ಬಿಡುವುದು ವಾಸಿಯೋ?

ಹಾಗೇ ಇನ್ನೊಂದು. ದೋಣಿಯ ತಳಕ್ಕೆ ಕಚ್ಚಿಕೊಳ್ಳುವ, ಕೆರೆದು ತೆಗೆಯಬೇಕಾದ ಬಾರ್ನಕಲ್‌ಗೆ ಕರಾವಳಿಯವರು ಏನನ್ನುತ್ತೀರಿ? ನಮ್ಮ ಹುಡುಗ ಎಲ್ಲಕ್ಕೂ ‘ಚಿಪ್ಪು’ ಅಂತಾನೆ.