ಬೇಸಿಗೆ ರಿಸರ್ಚ್‌ಗೆ ಮೂರು ದಾರಿ, ಮಗಳಿಗೆ ಯಾವುದು ಸರಿ?

ಫ್ರೀಮಾಂಟ್‌ನಿಂದ ಒಬ್ಬ ಅಮ್ಮ: ಎಲ್ಲರಿಗೂ ನಮಸ್ಕಾರ. ಮಗಳು 11ನೇ ಕ್ಲಾಸು. ಗಣಿತ, ಫಿಸಿಕ್ಸ್ ಇಷ್ಟ. ಪೈಥಾನ್ ತಕ್ಕಮಟ್ಟಿಗೆ ಬರುತ್ತದೆ. ಎಂಐಟಿಯಲ್ಲಿ ನಡೆಯುವ ಬೇಸಿಗೆ ರಿಸರ್ಚ್ ಕಾರ್ಯಕ್ರಮ ಆರ್‌ಎಸ್‌ಐಗೆ ಅರ್ಜಿ ಹಾಕಿದ್ದಳು, ಸಿಗಲಿಲ್ಲ. ಈಗ ಮೂರು ದಾರಿ ಉಳಿದಿವೆ. ಸಮ್ಮರ್ ಸೈನ್ಸ್ ಪ್ರೋಗ್ರಾಮ್‌ನಲ್ಲಿ, ಅಂದರೆ ಎಸ್‌ಎಸ್‌ಪಿಯಲ್ಲಿ, ಆಸ್ಟ್ರೋಫಿಸಿಕ್ಸ್ ಸೀಟು ಸಿಕ್ಕಿದೆ. ಬೇರೆ ರಾಜ್ಯಕ್ಕೆ ಹೋಗಿ ಐದಾರು ವಾರ ಇರಬೇಕು, ಫೀಸು ಸಾವಿರಗಟ್ಟಲೆ ಡಾಲರ್. ಎರಡನೆಯದು, ಮನೆ ಹತ್ತಿರದ ಯುನಿವರ್ಸಿಟಿಯ ಪ್ರೊಫೆಸರ್ ಒಬ್ಬರು ಲ್ಯಾಬಿಗೆ ಬರಲಿ ಅಂದಿದ್ದಾರೆ. ಫೀಸಿಲ್ಲ, ಸರ್ಟಿಫಿಕೇಟೂ ಇಲ್ಲ. ಮೂರನೆಯದು, ಒಂದು ಆನ್‌ಲೈನ್ ಕಂಪನಿ ಮೆಂಟರ್ ಕೊಟ್ಟು ಪೇಪರ್ ಪಬ್ಲಿಷ್ ಮಾಡಿಸುತ್ತೇವೆ ಅನ್ನುತ್ತಿದೆ. ನಮ್ಮ ಯಜಮಾನರಿಗೆ ಇದೇ ಇಷ್ಟ, ಮಗಳು ಕಣ್ಣೆದುರಿಗೇ ಇರುತ್ತಾಳೆ ಅಂತ. ಮಕ್ಕಳನ್ನು ಇಂಥದ್ದಕ್ಕೆ ಕಳಿಸಿದವರು ಹೇಳಿ, ಯಾವುದು ಒಳ್ಳೆಯದು? ಇನ್ನೊಂದು ವಾರದಲ್ಲಿ ಉತ್ತರ ಕೊಡಬೇಕು.

ಎಡಿಸನ್‌ನಿಂದ ಒಬ್ಬ ಅಪ್ಪ: ಮೊದಲು ಮೂರನೆಯದನ್ನು ಪಟ್ಟಿಯಿಂದ ತೆಗೆದುಬಿಡಿ. ಮಗ ಅಂಥದ್ದೊಂದು ಮಾಡಿದ್ದ. ಮೆಂಟರ್ ಒಳ್ಳೆಯ ಹುಡುಗ, ಪಿಎಚ್‌ಡಿ ಮಾಡುತ್ತಿದ್ದ, ಕಲಿಸಿದ. ಆದರೆ ಪೇಪರ್ ಬಂದದ್ದು ಹೈಸ್ಕೂಲ್ ಮಕ್ಕಳಿಗೆಂದೇ ಇರುವ, ದುಡ್ಡು ತೆಗೆದುಕೊಂಡು ಹಾಕುವ ಜರ್ನಲ್‌ನಲ್ಲಿ. ನಿಜವಾದ ಜರ್ನಲ್‌ನಲ್ಲಿ ರಿವ್ಯೂ ಮುಗಿಯಲು ತಿಂಗಳುಗಟ್ಟಲೆ ಬೇಕು. ಕೆಲಸ ಶುರುವಾಗುವ ಮೊದಲೇ ಪೇಪರ್ ಗ್ಯಾರಂಟಿ ಅನ್ನುವವರ ಹತ್ತಿರ ಏನಿರುತ್ತದೆ ಅಂತ ನೀವೇ ಯೋಚಿಸಿ.

ಆರ್‌ಎಸ್‌ಐ ಬಗ್ಗೆ ಬೇಜಾರು ಬೇಡ. 1984ರಿಂದ ನಡೆಯುತ್ತಿದೆ, ಊಟ ವಸತಿ ಎಲ್ಲ ಅವರದ್ದೇ. ಹೊರದೇಶದವರೂ ಸೇರಿ ತೆಗೆದುಕೊಳ್ಳುವುದು ನೂರರ ಆಸುಪಾಸು ಮಕ್ಕಳನ್ನು. ಸಿಗದಿದ್ದವರಲ್ಲಿ ಜಾಣರು ಎಷ್ಟು ಜನ ಇರುತ್ತಾರೋ!

ಎಸ್‌ಎಸ್‌ಪಿ ಮುಗಿಸಿದವಳು, ಈಗ ಕಾಲೇಜಿನಲ್ಲಿದ್ದೇನೆ: ಆಂಟಿ, ನಾನು ಇದೇ ಆಸ್ಟ್ರೋಫಿಸಿಕ್ಸ್ ಮಾಡಿದ್ದು. ಅಲ್ಲಿ ಏನು ನಡೆಯುತ್ತದೆ ಅಂತ ಹೇಳುತ್ತೇನೆ, ಆಮೇಲೆ ಅವಳೇ ನೋಡಲಿ. ಮೂರು ಜನರ ಒಂದು ತಂಡ. ಭೂಮಿಯ ಹತ್ತಿರ ಬರುವ ಒಂದು ಕ್ಷುದ್ರಗ್ರಹವನ್ನು ನಿಮ್ಮ ತಂಡಕ್ಕೆ ಕೊಡುತ್ತಾರೆ. ರಾತ್ರಿ ಟೆಲಿಸ್ಕೋಪಿನಲ್ಲಿ ಅದರ ಫೋಟೋ ತೆಗೆಯಬೇಕು, ಸುತ್ತಲಿನ ನಕ್ಷತ್ರಗಳ ಲೆಕ್ಕದಲ್ಲಿ ಅದು ಎಲ್ಲಿದೆ ಅಂತ ಅಳೆಯಬೇಕು. ಆಮೇಲೆ ಅದರ ಕಕ್ಷೆ ಕಂಡುಹಿಡಿಯುವ ಪ್ರೋಗ್ರಾಮನ್ನು ಪೈಥಾನ್‌ನಲ್ಲಿ ನೀವೇ ಬರೆಯಬೇಕು. 1801ರಲ್ಲಿ ಆಗಷ್ಟೇ ಕಂಡುಹಿಡಿದ ಸಿರೀಸ್ ಅನ್ನುವ ಆಕಾಶಕಾಯ ಕಣ್ಮರೆಯಾದಾಗ ಗಣಿತಜ್ಞ ಗೌಸ್ ಹಾಕಿದ ಲೆಕ್ಕ ಇದೆಯಲ್ಲ, ಅದೇ ವಿಧಾನ. ಅಳತೆಗಳು ಜಗತ್ತಿನ ಕ್ಷುದ್ರಗ್ರಹಗಳ ಲೆಕ್ಕ ಇಡುವ ಮೈನರ್ ಪ್ಲಾನೆಟ್ ಸೆಂಟರಿಗೆ ಹೋಗುತ್ತವೆ. ಅದು ಆಟಕ್ಕೆ ಮಾಡುವ ಲೆಕ್ಕವಲ್ಲ.

ಆದರೆ ಒಂದು ಮಾತು. ಇದು ಹೊಸ ಪ್ರಶ್ನೆ ಹುಡುಕುವ ರಿಸರ್ಚ್ ಅಲ್ಲ. ಎಲ್ಲ ತಂಡಗಳೂ ಮಾಡುವುದು ಒಂದೇ ಕೆಲಸ, ಕ್ಷುದ್ರಗ್ರಹ ಬೇರೆ ಬೇರೆ ಅಷ್ಟೇ. ಹಗಲಿಡೀ ಕ್ಲಾಸು, ಹೋಮ್‌ವರ್ಕು ಬೆಟ್ಟದಷ್ಟು. ಮೋಡ ಬಂದರೆ ಆ ರಾತ್ರಿ ಹೋಯಿತು. ಸ್ಕೂಲಿನಲ್ಲಿ ಯಾವಾಗಲೂ ಫಸ್ಟ್ ಬಂದವಳಿಗೆ ಅಲ್ಲಿ ಪಕ್ಕದಲ್ಲಿರುವ ಎಲ್ಲರೂ ಫಸ್ಟೇ. ಕೆಲವರಿಗೆ ಇದು ಖುಷಿ, ಕೆಲವರಿಗೆ ಮೊದಲ ವಾರ ಅಳು. ನನಗೆ ಸಿಕ್ಕಿದ ಸ್ನೇಹಿತರು ಮಾತ್ರ ಇವತ್ತಿಗೂ ಇದ್ದಾರೆ.

ಫೀಸಿಗೆ ಹೆದರಬೇಡಿ, ಆದಾಯ ನೋಡಿ ಸಹಾಯ ಕೊಡುತ್ತಾರೆ. ಮೊಬೈಲ್ ಚಿಪ್ ಕಂಪನಿ ಕ್ವಾಲ್‌ಕಾಮ್ ಕಟ್ಟಿದವರಲ್ಲಿ ಒಬ್ಬರಾದ ಫ್ರಾಂಕ್ಲಿನ್ ಆಂಟೋನಿಯೋ ಅಲ್ಲಿಯ ಹಳೆಯ ವಿದ್ಯಾರ್ಥಿ. 20 ಕೋಟಿ ಡಾಲರ್ ಅವರು ಎಸ್‌ಎಸ್‌ಪಿಗೆ ಬಿಟ್ಟುಹೋದ ದುಡ್ಡು. ಕೇಳಲು ಸಂಕೋಚ ಬೇಡ.

ಡೇವಿಸ್‌ನಿಂದ ಒಬ್ಬ ಪೋಸ್ಟ್‌ಡಾಕ್ (ಪಿಎಚ್‌ಡಿ ಮುಗಿಸಿ ಲ್ಯಾಬಿನಲ್ಲಿ ರಿಸರ್ಚ್ ಮಾಡುವವನು): ಬೇಸಿಗೆಯಲ್ಲಿ ನಮ್ಮ ಲ್ಯಾಬಿಗೆ ಹೈಸ್ಕೂಲ್ ಮಕ್ಕಳು ಬರುತ್ತಾರೆ, ಅವರನ್ನು ನೋಡಿಕೊಳ್ಳುವವರಲ್ಲಿ ನಾನೂ ಒಬ್ಬ. ಅಕ್ಕ, ಎರಡನೆಯ ದಾರಿಯ ಬಗ್ಗೆ ಹೇಳುತ್ತೇನೆ. ಪ್ರೊಫೆಸರ್ ಬಾ ಅಂದರು ಸರಿ, ದಿನಾ ಅವಳ ಪಕ್ಕ ಕೂರುವವರು ಯಾರು? ಪ್ರೊಫೆಸರ್ ಅಂತೂ ಅಲ್ಲ. ಯಾರೋ ಒಬ್ಬ ಪಿಎಚ್‌ಡಿ ವಿದ್ಯಾರ್ಥಿ. ಅವನು ಜುಲೈನಲ್ಲಿ ಇರುತ್ತಾನಾ, ಇಲ್ಲಾ ಕಾನ್ಫರೆನ್ಸಿಗೆ ಹೋಗಿ ಅಲ್ಲಿಂದ ಊರಿಗೂ ಹೋಗುತ್ತಾನಾ? ಅವನ ಥೀಸಿಸ್ ಗಡುವು ಯಾವಾಗ? ಇಡೀ ಬೇಸಿಗೆಯ ಹಣೆಬರಹ ಇದರ ಮೇಲೆ ನಿಂತಿದೆ. ಹೆಸರುವಾಸಿ ಲ್ಯಾಬಿನಲ್ಲಿ ಸುಮ್ನೆ ಕುಳಿತು ಯೂಟ್ಯೂಬ್ ನೋಡಿ ಮನೆಗೆ ಹೋದ ಮಕ್ಕಳನ್ನು ಕಂಡಿದ್ದೇನೆ. ಚಿಕ್ಕ ಲ್ಯಾಬಿನಲ್ಲಿ ಒಂದು ಡೇಟಾಸೆಟ್ ಪೂರ್ತಿ ತಾನೇ ಕ್ಲೀನ್ ಮಾಡಿ, ನಮ್ಮದೇ ತಪ್ಪು ಹಿಡಿದ ಹುಡುಗಿಯನ್ನೂ ಕಂಡಿದ್ದೇನೆ.

ಕೆಲಸ ಏನು ಅಂತಲೂ ಕೇಳಲಿ. ಕೆಮಿಕಲ್, ಸೆಲ್ ಮುಟ್ಟುವ ಲ್ಯಾಬಾದರೆ ವಯಸ್ಸಿನ ನಿಯಮ ಇರುತ್ತದೆ, ಸೇಫ್ಟಿ ಟ್ರೈನಿಂಗ್, ನಿಮ್ಮ ಸಹಿ, ಇವೆಲ್ಲ ಮುಗಿಯುವಷ್ಟರಲ್ಲಿ ಬೇಸಿಗೆಯ ಒಂದು ತುಂಡು ಹೋಗಿರುತ್ತದೆ. ಪೈಥಾನ್ ಬರುವವಳಿಗೆ ಡೇಟಾ ಕೆಲಸ ಬೇಗ ಹಿಡಿತಕ್ಕೆ ಬರುತ್ತದೆ. ಆಮೇಲೆ ಸೈನ್ಸ್ ಫೇರಿಗೆ, ಐಸೆಫ್ ಅನ್ನುವ ಅಂತರರಾಷ್ಟ್ರೀಯ ಸ್ಪರ್ಧೆಗೆ ಹಾಕುವ ಯೋಚನೆ ಇದ್ದರೆ ಈಗಲೇ ಹೇಳಬೇಕು. ಮನುಷ್ಯರ ಮೇಲೆ, ಪ್ರಾಣಿಗಳ ಮೇಲೆ ಏನಾದರೂ ಮಾಡುವುದಿದ್ದರೆ ಶುರು ಮಾಡುವ ಮೊದಲೇ ಒಪ್ಪಿಗೆ ಇರಬೇಕು. ಮುಗಿದ ಮೇಲೆ ಫಾರ್ಮ್ ತುಂಬಿದರೆ ನಡೆಯಲ್ಲ.

ಡಲ್ಲಾಸ್‌ನಿಂದ ಒಬ್ಬ ಅಮ್ಮ: ಯಾರೂ ಕೇಳಲಿಲ್ಲ, ನಾನು ಕೇಳುತ್ತೇನೆ. ನಿಮ್ಮದು ಗ್ರೀನ್ ಕಾರ್ಡ್ ಆಗಿದೆಯಾ? ನಮ್ಮ ಮಗ ಎಚ್-4, ಅಂದರೆ ಎಚ್-1ಬಿ ಕೆಲಸದ ವೀಸಾದವರ ಮಕ್ಕಳಿಗೆ ಸಿಗುವ ವೀಸಾ. ಅವನು ದುಡಿಯುವ ಹಾಗಿಲ್ಲ, ಸ್ಟೈಪೆಂಡ್ ಅಂದರೂ ತಕರಾರು ಬರಬಹುದು. ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಬೇಸಿಗೆ ಇಂಟರ್ನ್‌ಶಿಪ್‌ಗೆ ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇದ್ದವರೇ ಆಗಬೇಕು. ಇಲ್ಲೇ ಬೆಳೆದ ಮಗುವಿಗೆ ಇದನ್ನು ವಿವರಿಸುವುದು ಎಷ್ಟು ಕಷ್ಟ ಗೊತ್ತಾ. ದುಡ್ಡು ಕೊಡದ ಲ್ಯಾಬಾದರೂ ಯುನಿವರ್ಸಿಟಿಯವರ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ.

ಫ್ರೀಮಾಂಟ್‌ನ ಅಮ್ಮ: ನಾವೂ ಎಚ್-1ಬಿಯಲ್ಲೇ ಇದ್ದೇವೆ, ಅವಳು ಎಚ್-4. ಇದು ತಲೆಗೇ ಬಂದಿರಲಿಲ್ಲ, ಥ್ಯಾಂಕ್ಸ್ ಅಕ್ಕ. ಎಸ್‌ಎಸ್‌ಪಿಯಲ್ಲಿ ನಾವೇ ಫೀಸು ಕಟ್ಟುವುದಲ್ವಾ, ಅಲ್ಲಿ ಸ್ಟೈಪೆಂಡ್ ಪ್ರಶ್ನೆ ಇಲ್ಲ. ಪ್ರೊಫೆಸರಿಗೆ ಮಗಳೇ ಮೇಲ್ ಹಾಕಿ, ಯಾರ ಜೊತೆ ಕೆಲಸ ಅಂತ ಕೇಳಿದಳು. ನಿನ್ನೆ ಉತ್ತರ ಬಂತು. ನೋಡಿಕೊಳ್ಳಬೇಕಾದ ವಿದ್ಯಾರ್ಥಿ ಜುಲೈ ಪೂರ್ತಿ ಯುರೋಪಿನಲ್ಲಿ! ಎಸ್‌ಎಸ್‌ಪಿ ಕಡೆಗೇ ಮನಸ್ಸು ವಾಲಿದೆ. ಆದರೆ ಯಜಮಾನರದ್ದು ಇನ್ನೊಂದು ಪ್ರಶ್ನೆ: ಇದರಿಂದ ಕಾಲೇಜ್ ಸೀಟಿಗೆ ಅನುಕೂಲ ಆಗುತ್ತಾ?

ಎಡಿಸನ್‌ನ ಅಪ್ಪ: ಕಾಲೇಜುಗಳಿಗೆ ಹಾಕುವ ಅರ್ಜಿ ಕಾಮನ್ ಆ್ಯಪ್‌ನಲ್ಲಿ ಒಂದೊಂದು ಚಟುವಟಿಕೆಯ ವಿವರಣೆಗೆ ಇರುವ ಜಾಗ 150 ಅಕ್ಷರ, ಖಾಲಿ ಜಾಗವೂ ಸೇರಿ. ಯಾವ ಬೇಸಿಗೆಯಾದರೂ ಅಷ್ಟರಲ್ಲೇ ಮುಗಿಯಬೇಕು. ಎಸ್‌ಎಸ್‌ಪಿ ಹೆಸರು ಅಡ್ಮಿಷನ್ ಆಫೀಸರುಗಳಿಗೆ ಗೊತ್ತಿರುತ್ತದೆ ಅನ್ನುವುದು ನಿಜ, ಸೀಟು ಕೊಡಿಸುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅವಳಿಗೆ ರಾತ್ರಿಯಿಡೀ ಆಕಾಶ ನೋಡುವ ಆಸೆ ಇದೆಯಾ, ಅದನ್ನು ಕೇಳಿ ಅಂತ ಯಜಮಾನರಿಗೆ ಹೇಳಿ.

ಡೇವಿಸ್‌ನ ಪೋಸ್ಟ್‌ಡಾಕ್: ಪ್ರೊಫೆಸರಿಗೆ ಆಗಲ್ಲ ಅಂತ ಬರೆದು ಬಾಗಿಲು ಹಾಕಬೇಡಿ. ಈ ಬೇಸಿಗೆ ಇಂಥ ಕಡೆ ಇರುತ್ತೇನೆ, ಪೈಥಾನ್‌ನಲ್ಲಿ ಕಕ್ಷೆ ಲೆಕ್ಕ ಕಲಿತು ಬರುತ್ತೇನೆ, ಸೆಪ್ಟೆಂಬರಿನಿಂದ ಶುಕ್ರವಾರ ಸಂಜೆ ಬರಬಹುದಾ ಅಂತ ಅವಳೇ ಕೇಳಲಿ. ಆಗ ನಮಗೂ ಬಿಡುವು ಜಾಸ್ತಿ, ಬೇಸಿಗೆಯ ಗಲಾಟೆ ಇರಲ್ಲ. ಮೇಲ್ ಚಿಕ್ಕದಾಗಿರಲಿ, ನೀವು ತಿದ್ದಬೇಡಿ. ಅಪ್ಪ ಅಮ್ಮ ಬರೆದ ಮೇಲ್ ಒಂದೇ ಸಾಲಿಗೆ ಗೊತ್ತಾಗಿಬಿಡುತ್ತದೆ.